ನೂರಕ್ಕೆ ನಾಲ್ಕು ಎಂಬ ಲೆಕ್ಕ



ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಒಂದೇ ಮಾತು. ಎಷ್ಟನೇ ರ‍್ಯಾಂಕು? ಆ ರ‍್ಯಾಂಕಿಗೆ ಯಾವ ಕಾಲೇಜು? ಹೋದ ವರ್ಷ ಅಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿದಿತ್ತು? ಕಟ್‌ಆಫ್ ಪಟ್ಟಿ ತೆಗೆದು ನೋಡುತ್ತೇವೆ. ಹೆಚ್ಚುಕಡಿಮೆ ಸರಿಯಾದ ಉತ್ತರ ಸಿಗುತ್ತದೆ. ಸಿಗದಿದ್ದರೆ ಎರಡನೇ ಸುತ್ತಿಗೆ ಕಾಯುತ್ತೇವೆ.

ಈಗ ಅದೇ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ. ಪಿಯುಸಿ ಓದುವ ಮಗಳು ಅಮೆರಿಕದ ಹಾರ್ವರ್ಡ್‌ಗೋ ಎಂಐಟಿಗೋ ಅರ್ಜಿ ಹಾಕುತ್ತೇನೆ ಅನ್ನುತ್ತಾಳೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಅಣ್ಣನ ಮಗ ಅಲ್ಲಿ ಹನ್ನೊಂದನೇ ತರಗತಿಯಲ್ಲಿದ್ದಾನೆ. ಅವನದೂ ಅದೇ ಕನಸು. ಆಗ ತಂದೆತಾಯಿ ನನ್ನಂಥವರ ಬಳಿ ಬಂದು ಕೇಳುತ್ತಾರೆ: "ಎಷ್ಟು ಅಂಕ ಬಂದರೆ ಸಿಗುತ್ತೆ ಸಾರ್? ನಮ್ಮ ಮಗುವಿಗೆ ಚಾನ್ಸ್ ಎಷ್ಟಿದೆ?"

ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ಈ ಪ್ರಶ್ನೆಗೆ ಸಿಇಟಿಯಲ್ಲಿರುವಂಥ ಉತ್ತರ ಅಲ್ಲಿಲ್ಲ. ಏಕೆ ಇಲ್ಲ ಎಂದು ತಿಳಿದುಕೊಂಡರೆ ಅರ್ಧ ಆತಂಕ ಕಳೆಯುತ್ತದೆ. ದಲ್ಲಾಳಿಗಳ ಕೈಗೆ ಹೋಗುವ ದುಡ್ಡೂ ಉಳಿಯುತ್ತದೆ.

ಮೊದಲು ಸಂಖ್ಯೆಗಳನ್ನು ಕೇಳಿ. ಹಾರ್ವರ್ಡ್‌ಗೆ ವರ್ಷಕ್ಕೆ ಸುಮಾರು ಐವತ್ತು ಸಾವಿರ ಅರ್ಜಿಗಳು ಬರುತ್ತವೆ. ಪ್ರವೇಶಪತ್ರ ಹೋಗುವುದು ಸುಮಾರು ಎರಡು ಸಾವಿರ ಮಂದಿಗೆ. ಅಂದರೆ ನೂರಕ್ಕೆ ನಾಲ್ಕರ ಆಸುಪಾಸು. ಸ್ಟ್ಯಾನ್‌ಫರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಎಲ್ಲವೂ ಇದೇ ಸಾಲಿನವು. ನೂರಕ್ಕೆ ನಾಲ್ಕೋ ಐದೋ ಮಂದಿಗೆ ಬಾಗಿಲು ತೆರೆಯುತ್ತದೆ.

ಮುಂಚೆ ಹೀಗಿರಲಿಲ್ಲ. 1990ರ ಸುಮಾರಿನಲ್ಲಿ ಇದೇ ಹಾರ್ವರ್ಡ್ ನೂರಕ್ಕೆ ಹದಿನೈದಕ್ಕೂ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುತ್ತಿತ್ತು. ಹಾಗಾದರೆ ಮಕ್ಕಳು ದಡ್ಡರಾದರೇ? ಸೀಟು ಕಡಿಮೆಯಾಯಿತೇ? ಎರಡೂ ಅಲ್ಲ. ಸೀಟು ಅಷ್ಟೇ ಇದೆ, ಅರ್ಜಿ ಹೆಚ್ಚಾಗಿದೆ. ಕಾಮನ್ ಅಪ್ಲಿಕೇಶನ್ ಎಂಬ ಒಂದೇ ಅರ್ಜಿ ನಮೂನೆಯನ್ನು ತುಂಬಿ ಇಪ್ಪತ್ತು ಕಾಲೇಜುಗಳಿಗೆ ಕಳಿಸಬಹುದು. ಕೋವಿಡ್ ಕಾಲದಲ್ಲಿ, ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕ ಕೊಡುವುದು ಕಡ್ಡಾಯವಲ್ಲ ಎಂದರು. ಆಗ ಹಾರ್ವರ್ಡ್‌ಗೆ ಬರುವ ಅರ್ಜಿ ಒಂದೇ ವರ್ಷದಲ್ಲಿ ನಲವತ್ತು ಸಾವಿರದಿಂದ ಐವತ್ತೇಳು ಸಾವಿರಕ್ಕೆ ಜಿಗಿಯಿತು. ಹೆಚ್ಚಾದ ಆ ಹದಿನೇಳು ಸಾವಿರದಲ್ಲಿ ನೋಡೇಬಿಡೋಣ ಎಂದು ಹಾಕಿದವರು ಬಹಳ ಜನ. ಶೇಕಡಾವಾರು ಇಳಿದಷ್ಟೂ ಆ ಕಾಲೇಜಿನ ಹೆಸರು ದೊಡ್ಡದಾಗುತ್ತದೆ. ಹೆಸರು ದೊಡ್ಡದಾದಷ್ಟೂ ಅರ್ಜಿ ಹೆಚ್ಚಾಗುತ್ತದೆ. ಈ ಸುತ್ತು ಇನ್ನೂ ನಿಂತಿಲ್ಲ.

ಸರಿ, ನೂರಕ್ಕೆ ನಾಲ್ಕು ಎಂದು ಗೊತ್ತಾಯಿತು. ಈ ನಾಲ್ಕು ಎಂಬುದು ನಿಮ್ಮ ಮಗುವಿನ ಸಾಧ್ಯತೆಯೇ? ಅಲ್ಲ ಕೇಳುಗರೆ. ಜಿಲ್ಲೆಯ ಸರಾಸರಿ ಮಳೆ ಎಂಟುನೂರು ಮಿಲಿಮೀಟರ್ ಎಂದು ರೇಡಿಯೋದಲ್ಲಿ ಹೇಳಿದರೆ, ಅದು ನಿಮ್ಮ ಹೊಲಕ್ಕೆ ಬಿದ್ದ ಮಳೆಯಲ್ಲ. ನಿಮ್ಮ ಹೊಲಕ್ಕೆ ಹೆಚ್ಚು ಬಿದ್ದಿರಬಹುದು, ಹನಿಯೂ ಬೀಳದೆ ಇರಬಹುದು. ಆ ಐವತ್ತು ಸಾವಿರ ಅರ್ಜಿಗಳೂ ಒಂದೇ ತರದವಲ್ಲ.

ಇದು ನಮಗೆ ಊಹೆಯಿಂದ ತಿಳಿದದ್ದಲ್ಲ, ಕೋರ್ಟಿನಿಂದ ತಿಳಿದದ್ದು. ಹಾರ್ವರ್ಡ್‌ನ ಪ್ರವೇಶ ನೀತಿಯ ಮೇಲೆ ಒಂದು ದೊಡ್ಡ ಮೊಕದ್ದಮೆ ನಡೆಯಿತು. 2018ರಲ್ಲಿ ಬಾಸ್ಟನ್ ನಗರದ ನ್ಯಾಯಾಲಯದಲ್ಲಿ ವಿಚಾರಣೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು. ವರ್ಷಾನುಗಟ್ಟಲೆ ಒಳಗೇ ಇದ್ದ ಕಡತಗಳು ಆ ವಿಚಾರಣೆಯಲ್ಲಿ ಹೊರಬಂದವು.

ಏನು ಗೊತ್ತಾಯಿತು? ವಿಶೇಷ ಕಣ್ಣಿನಿಂದ ನೋಡಲಾಗುವ ನಾಲ್ಕು ಬಗೆಯ ಅರ್ಜಿದಾರರಿದ್ದಾರೆ. ವಿಶ್ವವಿದ್ಯಾಲಯದ ತಂಡಗಳಿಗೆ ತರಬೇತುದಾರರು ಆರಿಸಿಕೊಂಡ ಆಟಗಾರರು ಒಂದು. ಅಲ್ಲೇ ಓದಿದವರ ಮಕ್ಕಳು ಎರಡು. ಅಲ್ಲಿನ ಅಧ್ಯಾಪಕರ, ನೌಕರರ ಮಕ್ಕಳು ಮೂರು. ಡೀನ್ ಗಮನಕ್ಕೆ ಬಂದವರ ಪಟ್ಟಿ ನಾಲ್ಕು. ದೊಡ್ಡ ದಾನಿಗಳ ಮಕ್ಕಳು ಬರುವುದು ಈ ಪಟ್ಟಿಯಲ್ಲಿ. ಒಟ್ಟು ಅರ್ಜಿದಾರರಲ್ಲಿ ಇವರೆಲ್ಲ ಸೇರಿದರೂ ನೂರಕ್ಕೆ ಐದಕ್ಕಿಂತ ಕಡಿಮೆ. ಆಯ್ಕೆಯಾದವರಲ್ಲಿ ಮಾತ್ರ ಇವರ ಪಾಲು ನೂರಕ್ಕೆ ಸುಮಾರು ಮೂವತ್ತು.

ಇದನ್ನು ಇನ್ನೊಮ್ಮೆ ಹೇಳುತ್ತೇನೆ. ನೂರಕ್ಕೆ ಐದು ಮಂದಿ ಮೂವತ್ತು ಪಾಲು ಒಯ್ಯುತ್ತಾರೆ. ಉಳಿದ ತೊಂಬತ್ತೈದು ಮಂದಿ ಎಪ್ಪತ್ತು ಪಾಲು ಹಂಚಿಕೊಳ್ಳಬೇಕು. ಹಾಗಾಗಿ ನಮ್ಮಂಥ ಸಾಮಾನ್ಯ ಮನೆಯ ಮಗುವಿಗೆ ನೂರಕ್ಕೆ ನಾಲ್ಕು ಎಂಬುದು ನೂರಕ್ಕೆ ಮೂರಾಗುತ್ತದೆ. ವಿದೇಶದಿಂದ ಅರ್ಜಿ ಹಾಕುವವರಿಗೆ ಇನ್ನೂ ಬಿಗಿ. ಎಂಐಟಿ ತನ್ನ ಅಂಕಿಅಂಶಗಳನ್ನು ತಾನೇ ಪ್ರಕಟಿಸುತ್ತದೆ. ಅಲ್ಲಿ ವಿದೇಶಿ ಅರ್ಜಿದಾರರಲ್ಲಿ ಸೀಟು ಸಿಗುವುದು ನೂರಕ್ಕೆ ಸುಮಾರು ಇಬ್ಬರಿಗೆ.

ಹಣದ ಬಲವೂ ಕಡಿಮೆಯದಲ್ಲ. ರಾಜ್ ಚೆಟ್ಟಿ ಎಂಬ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರು ಸಂಗಡಿಗರೊಂದಿಗೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಎಸ್‌ಎಟಿ ಅಂಕ ಪಡೆದ ಇಬ್ಬರು ಮಕ್ಕಳು. ಒಬ್ಬನ ಮನೆ ಅಮೆರಿಕದ ಅತಿ ಶ್ರೀಮಂತ ನೂರಕ್ಕೆ ಒಂದರ ಗುಂಪಿನದು. ಇನ್ನೊಬ್ಬನದು ಮಧ್ಯಮ ವರ್ಗ. ಈ ಅತಿ ಆಯ್ಕೆಯ ಕಾಲೇಜುಗಳಲ್ಲಿ ಓದುವ ಸಾಧ್ಯತೆ ಶ್ರೀಮಂತನ ಮಗುವಿಗೆ ಎರಡು ಪಟ್ಟಿಗಿಂತ ಹೆಚ್ಚು. ಇದು ಅನ್ಯಾಯ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಪ್ರತಿಭೆಯ ಹೆಸರಿನಲ್ಲಿ ನಡೆಯುವ ಆಯ್ಕೆಯಲ್ಲಿ ಅಪ್ಪನ ಚೆಕ್ ಪುಸ್ತಕಕ್ಕೆ ಜಾಗ ಇರಬಾರದು. ಅಮೆರಿಕದಲ್ಲೂ ಈ ಮಾತಿಗೆ ಈಗ ಬೆಲೆ ಬರುತ್ತಿದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ, ದಾನಿಗಳ ಮಕ್ಕಳಿಗೆ ಕೊಡುವ ಆದ್ಯತೆಯನ್ನು ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ನಿಷೇಧಿಸಿ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನೂರಕ್ಕೆ ನಾಲ್ಕು ಎಂಬುದು ಸರಾಸರಿ. ಅದು ಯಾರದೂ ಸ್ವಂತ ಸಂಖ್ಯೆಯಲ್ಲ. ಈಗ ಅಂಕದ ಮಾತಿಗೆ ಬರೋಣ. ಎಷ್ಟು ಅಂಕ ಬಂದರೆ ಸಿಗುತ್ತದೆ?

ಅದೇ ಮೊಕದ್ದಮೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ಕೇಳಿ. 2019ರಲ್ಲಿ ಪದವಿ ಮುಗಿಸಬೇಕಿದ್ದ ತಂಡಕ್ಕೆ ಅಮೆರಿಕದೊಳಗಿಂದಲೇ ಸುಮಾರು ಇಪ್ಪತ್ತಾರು ಸಾವಿರ ಅರ್ಜಿಗಳು ಬಂದಿದ್ದವು. ಅವರಲ್ಲಿ ಎಸ್‌ಎಟಿ ಗಣಿತದಲ್ಲಿ ಪೂರ್ಣಾಂಕ ತೆಗೆದವರೇ ಮೂರು ಸಾವಿರದ ನಾನೂರರಷ್ಟಿದ್ದರು. ಶಾಲೆಯ ಎಲ್ಲ ವಿಷಯಗಳಲ್ಲೂ ಅತ್ಯುನ್ನತ ದರ್ಜೆ ಪಡೆದವರು ಎಂಟು ಸಾವಿರಕ್ಕೂ ಹೆಚ್ಚು. ತರಗತಿಯಲ್ಲಿದ್ದ ಜಾಗ ಸುಮಾರು ಸಾವಿರದ ಆರುನೂರು. ಗಣಿತದಲ್ಲಿ ಪೂರ್ಣಾಂಕ ಪಡೆದವರಿಗೆ ಮಾತ್ರ ಸೀಟು ಎಂದಿದ್ದರೂ ಅರ್ಧದಷ್ಟು ಜನ ಹೊರಗುಳಿಯಬೇಕಿತ್ತು.

ಆದ್ದರಿಂದ ಅಂಕ ಬೇಕು, ಅಂಕ ಸಾಲದು. ಒಳ್ಳೆಯ ಅಂಕ ಇಲ್ಲದಿದ್ದರೆ ಅರ್ಜಿಯನ್ನು ಎರಡನೇ ಸಲ ಓದುವುದಿಲ್ಲ. ಅಂಕ ಇದ್ದರೆ ಓದುತ್ತಾರೆ, ಅಷ್ಟೇ. ಎಸ್‌ಎಟಿಯಲ್ಲಿ ಸಾವಿರದ ಐನೂರ ಐವತ್ತು ಬಂದವನು ಸಾವಿರದ ಐನೂರ ಎಂಬತ್ತು ಮಾಡಿಕೊಳ್ಳಲು ಮತ್ತೆ ಮತ್ತೆ ಪರೀಕ್ಷೆಗೆ ಕೂರುವುದನ್ನು ನೋಡಿದ್ದೇನೆ. ಪೂರ್ಣಾಂಕ ಸಾವಿರದ ಆರುನೂರು. ಆ ಮೂವತ್ತು ಅಂಕಕ್ಕಾಗಿ ಕಳೆಯುವ ಎರಡು ತಿಂಗಳಲ್ಲಿ ಆ ಹುಡುಗ ಇನ್ನೇನನ್ನಾದರೂ ಕಲಿತಿದ್ದರೆ ಲಾಭವಿತ್ತು.

ಹಾಗೆಂದು ಎಸ್‌ಎಟಿ ಬಿಟ್ಟುಬಿಡಬಹುದು ಎಂದುಕೊಳ್ಳಬೇಡಿ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮೌತ್, ಯೇಲ್, ಬ್ರೌನ್, ಹಾರ್ವರ್ಡ್ ಅದೇ ದಾರಿ ಹಿಡಿದವು. ಡಾರ್ಟ್‌ಮೌತ್ ಕೊಟ್ಟ ಕಾರಣ ನಮಗೆ ಮುಖ್ಯ. ಬಡ ಮನೆಯ ಮಕ್ಕಳು ಸಾವಿರದ ನಾನೂರು ಚಿಲ್ಲರೆ ಅಂಕ ತೆಗೆದೂ, ಇದು ಕಡಿಮೆಯಾಯಿತೇನೋ ಎಂದು ಹೆದರಿ ಮುಚ್ಚಿಡುತ್ತಿದ್ದರು. ಕಳಿಸಿದ್ದರೆ ಅದೇ ಅಂಕ ಅವರ ಕೈ ಹಿಡಿಯುತ್ತಿತ್ತು. ಏಕೆಂದರೆ ಓದುವವರು ಅಂಕವನ್ನು ಒಂಟಿಯಾಗಿ ನೋಡುವುದಿಲ್ಲ. ಯಾವ ಶಾಲೆ, ಆ ಶಾಲೆಯಲ್ಲಿ ಏನೇನು ಸೌಲಭ್ಯ ಇತ್ತು, ಮನೆಯಲ್ಲಿ ಯಾರು ಓದಿದವರು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಗೆ ಇದು ಗೊತ್ತಿರಬೇಕು.

ಅಂಕದಿಂದ ಸೀಟು ನಿರ್ಧಾರವಾಗುವುದಿಲ್ಲ ಎಂದಮೇಲೆ ಒಂದು ಪ್ರಶ್ನೆ ಏಳುತ್ತದೆ. ಏಕೆ ಹೀಗೆ ಮಾಡಿಕೊಂಡಿದ್ದಾರೆ? ಒಂದು ಪರೀಕ್ಷೆ, ಒಂದು ರ‍್ಯಾಂಕ್ ಪಟ್ಟಿ ಇದ್ದರೆ ಸಾಕಿತ್ತಲ್ಲ?

ಇದರ ಬೇರು ನೂರು ವರ್ಷ ಹಿಂದಿದೆ. ಅದು ಅಷ್ಟೇನೂ ಚೆಂದದ ಚರಿತ್ರೆಯಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಾರ್ವರ್ಡ್ ಕೂಡ ಹೆಚ್ಚಾಗಿ ಪ್ರವೇಶ ಪರೀಕ್ಷೆಯ ಅಂಕದ ಮೇಲೆಯೇ ಸೇರಿಸಿಕೊಳ್ಳುತ್ತಿತ್ತು. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಮನೆಗಳ ಮಕ್ಕಳು ಚೆನ್ನಾಗಿ ಓದಿ ಒಳಗೆ ಬಂದರು. 1922ರ ಹೊತ್ತಿಗೆ ಹೊಸ ವಿದ್ಯಾರ್ಥಿಗಳಲ್ಲಿ ಐವರಿಗೊಬ್ಬರು ಯಹೂದಿಗಳು. ಆಗಿನ ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಇದು ಹಿಡಿಸಲಿಲ್ಲ. ಯಹೂದಿಗಳ ಸಂಖ್ಯೆಗೆ ನೇರವಾಗಿ ಮಿತಿ ಹಾಕೋಣ ಎಂದ. ಅಧ್ಯಾಪಕರು ಒಪ್ಪಲಿಲ್ಲ. 1926ರ ಹೊತ್ತಿಗೆ ಬೇರೆ ದಾರಿ ಸಿಕ್ಕಿತು. ಅಂಕ ಮಾತ್ರವಲ್ಲ, ಶೀಲ, ವ್ಯಕ್ತಿತ್ವ, ನಾಯಕತ್ವ ಇವನ್ನೂ ನೋಡುತ್ತೇವೆ ಎಂದರು. ಅರ್ಜಿಯ ಜೊತೆ ಫೋಟೋ ಕೇಳಿದರು. ಯಹೂದಿ ವಿದ್ಯಾರ್ಥಿಗಳ ಪಾಲು ಇಳಿಯಿತು.

ಅದೇ ವ್ಯವಸ್ಥೆ ಮುಂದೆ ಬೇರೆ ಉದ್ದೇಶಗಳಿಗೂ ಬಳಕೆಯಾಯಿತು. ಕಪ್ಪು ವಿದ್ಯಾರ್ಥಿಗಳಿಗೆ, ಹಳ್ಳಿಯ ಮಕ್ಕಳಿಗೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಾಣುವವರಿಗೆ ಬಾಗಿಲು ತೆರೆಯಲೂ ಅದು ನೆರವಾಯಿತು. ಮತ್ತೆ 2018ರ ವಿಚಾರಣೆಯಲ್ಲಿ ಹಳೆಯ ನೆರಳು ಕಾಣಿಸಿತು. ವ್ಯಕ್ತಿತ್ವಕ್ಕೆ ಹಾರ್ವರ್ಡ್ ಕೊಡುವ ಅಂಕದಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ಸರಾಸರಿಯಾಗಿ ಕಡಿಮೆ ಬಿದ್ದಿತ್ತು. ಬೇಕೆಂದೇ ಹೀಗೆ ಮಾಡಿದ್ದಾರೆ ಎನ್ನಲಾಗದು ಎಂದು ಕೆಳಗಿನ ನ್ಯಾಯಾಲಯ ಹೇಳಿತು. 2023ರಲ್ಲಿ ಸುಪ್ರೀಂ ಕೋರ್ಟು ಆಯ್ಕೆಯಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದು ತೀರ್ಪಿತ್ತಿತು. ಅಮೆರಿಕದ ಕನ್ನಡ ಮನೆಗಳಲ್ಲಿ ಈ ತೀರ್ಪಿನ ಚರ್ಚೆ ನಡೆಯದ ಊಟದ ಮೇಜು ಕಡಿಮೆ. ಆದರೆ ಅದರಿಂದ ನೂರಕ್ಕೆ ನಾಲ್ಕು ಎಂಬುದು ನೂರಕ್ಕೆ ಹತ್ತೇನೂ ಆಗಲಿಲ್ಲ. ಸೀಟು ಅಷ್ಟೇ ಇದೆ.

ಈವರೆಗಿನ ಮಾತನ್ನು ಕೂಡಿಸಿಕೊಳ್ಳೋಣ. ಸರಾಸರಿ ನಿಮ್ಮದಲ್ಲ. ಅಂಕ ಬಾಗಿಲವರೆಗೆ ಕರೆದೊಯ್ಯುತ್ತದೆ. ಬಾಗಿಲ ಆಚೆ ಮನುಷ್ಯರು ಕೂತು ಒಂದು ಕಡತವನ್ನು ಓದುತ್ತಾರೆ. ಈಗ ಆ ಕಡತವನ್ನು ಬಿಚ್ಚಿ ನೋಡೋಣ. ನಮ್ಮ ಕೈಯಲ್ಲಿರುವ ಭಾಗ ಅದೇ.

ಹಾರ್ವರ್ಡ್‌ನಲ್ಲಿ ಕಡತ ಮೊದಲು ಆಯಾ ಪ್ರದೇಶ ನೋಡಿಕೊಳ್ಳುವ ಒಬ್ಬ ಅಧಿಕಾರಿಯ ಮುಂದೆ ಬರುತ್ತದೆ. ಅವರು ಓದು, ಪಠ್ಯೇತರ ಕೆಲಸ, ಕ್ರೀಡೆ, ವ್ಯಕ್ತಿತ್ವ ಹೀಗೆ ಒಂದೊಂದಕ್ಕೂ ದರ್ಜೆ ಹಾಕುತ್ತಾರೆ. ಒಂದು ಎಂದರೆ ಅತ್ಯುತ್ತಮ. ಬಳಿಕ ಉಪಸಮಿತಿ. ಕೊನೆಗೆ ಸುಮಾರು ನಲವತ್ತು ಮಂದಿಯ ಪೂರ್ಣ ಸಮಿತಿ ಕೂತು ಮತ ಹಾಕುತ್ತದೆ. ಬಹುಮತ ಬಂದರೆ ಸೀಟು. ಆ ಕೋಣೆಯಲ್ಲಿ ನಿಮ್ಮ ಮಗು ಇರುವುದಿಲ್ಲ. ಮಗುವಿನ ಪರವಾಗಿ ಮಾತಾಡುವುದು ಆ ಕೆಲವು ಪುಟಗಳು ಮಾತ್ರ.

ಆ ಪುಟಗಳಲ್ಲಿ ನಮ್ಮ ಮಕ್ಕಳು ಸೋಲುವ ಒಂದು ಜಾಗವಿದೆ. ಅದು ಅಧ್ಯಾಪಕರ ಶಿಫಾರಸು ಪತ್ರ. ಅಮೆರಿಕದ ಶಾಲೆಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುತ್ತಾರೆ. ನಮ್ಮ ಬಹುತೇಕ ಪಿಯು ಕಾಲೇಜುಗಳಲ್ಲಿ ಇಲ್ಲ. ಪ್ರಾಂಶುಪಾಲರೇ ಬರೆಯಬೇಕು, ಇಲ್ಲವೇ ಉಪನ್ಯಾಸಕರು. ಇಂಥ ಪತ್ರಗಳನ್ನು ಸಾಕಷ್ಟು ಓದಿದ್ದೇನೆ. ಕಾಲೇಜಿನ ಲೆಟರ್‌ಹೆಡ್ಡು. ನಡುವೆ ನಾಲ್ಕು ಸಾಲು. ಇವಳು ನಮ್ಮ ಕಾಲೇಜಿನ ವಿದ್ಯಾರ್ಥಿನಿ. ನಡತೆ ಉತ್ತಮ. ಶಿಸ್ತಿನ ಹುಡುಗಿ. ಮುಂದಿನ ಬಾಳಿಗೆ ಶುಭ ಕೋರುತ್ತೇನೆ. ಕೆಳಗೆ ಸಹಿ, ಪಕ್ಕದಲ್ಲಿ ದುಂಡು ಮೊಹರು. ಇದು ವರ್ಗಾವಣೆ ಪತ್ರದ ಜೊತೆ ಕೊಡುವ ನಡತೆ ಪ್ರಮಾಣಪತ್ರ. ಇದನ್ನು ಓದಿ ಹಾರ್ವರ್ಡ್‌ನಲ್ಲಿ ಕೂತವರಿಗೆ ಆ ಹುಡುಗಿ ಯಾರೆಂದು ಹೇಗೆ ತಿಳಿಯಬೇಕು?

ಅದೇ ಹುಡುಗಿಯ ಬಗ್ಗೆ ರಸಾಯನಶಾಸ್ತ್ರದ ಉಪನ್ಯಾಸಕರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ. ಪ್ರಾಕ್ಟಿಕಲ್ ತರಗತಿಯಲ್ಲಿ ಟೈಟ್ರೇಶನ್ ಮಾಡಿಸುತ್ತಿದ್ದೆ. ಇವಳ ಬ್ಯುರೆಟ್ಟಿನ ಅಳತೆ ಮೂರು ಸಲವೂ ಬೇರೆ ಬೇರೆ ಬಂತು. ಪಕ್ಕದವರು ಗೆಳತಿಯ ಅಳತೆಯನ್ನೇ ಬರೆದುಕೊಂಡು ಹೊರಟರು. ಇವಳು ಗಂಟೆ ಹೊಡೆದ ಮೇಲೂ ನಿಂತಳು. ಬ್ಯುರೆಟ್ಟಿಗೆ ನೀರು ತುಂಬಿ, ಕೆಳಗೆ ಬಿಳಿ ಕಾಗದ ಇಟ್ಟು, ಹತ್ತು ನಿಮಿಷ ನೋಡಿದಳು. ಕಾಗದದ ಮೇಲೆ ಒದ್ದೆ ಕಾಣಿಸಿತು. ಬ್ಯುರೆಟ್ಟಿನ ತಿರುಪು ಸೋರುತ್ತಿತ್ತು. ಮರುದಿನ ಎಲ್ಲ ಬ್ಯುರೆಟ್ಟುಗಳನ್ನೂ ಹಾಗೇ ಪರೀಕ್ಷಿಸಿ, ಸೋರುವವಕ್ಕೆ ಚೀಟಿ ಅಂಟಿಸಿದಳು.

ಕೇಳುಗರೆ, ಈ ಪತ್ರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಉಪನ್ಯಾಸಕರಿಗೆ ಅರ್ಧ ಗಂಟೆ ಬಿಡುವು ಬೇಕು, ಆ ಹುಡುಗಿಯ ನೆನಪು ಬೇಕು. ಇಂಗ್ಲಿಷ್ ಆಡಂಬರದ್ದಾಗಬೇಕಿಲ್ಲ. ಈ ಮಾತನ್ನು ಕೇಳುತ್ತಿರುವ ಅಧ್ಯಾಪಕ ಮಿತ್ರರಲ್ಲಿ ನನ್ನ ಬೇಡಿಕೆ ಇದು. ಮಗು ಪತ್ರ ಕೇಳಿಕೊಂಡು ಬಂದಾಗ ಕ್ಲರ್ಕ್ ಬಳಿ ಇರುವ ಹಳೆಯ ಮಾದರಿಯನ್ನು ಕೊಡಬೇಡಿ. ನೀವು ಕಣ್ಣಾರೆ ಕಂಡ ಒಂದು ಸಂಗತಿ ಬರೆಯಿರಿ.

ಇನ್ನೊಂದು ಭಾಗ ಪಠ್ಯೇತರ ಚಟುವಟಿಕೆಗಳ ಪಟ್ಟಿ. ಕಾಮನ್ ಅಪ್ಲಿಕೇಶನ್ನಿನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗ. ಒಂದೊಂದರ ವಿವರಣೆಗೂ ನೂರೈವತ್ತು ಅಕ್ಷರ ಮಾತ್ರ. ಇಲ್ಲಿ ನಮ್ಮವರು ಗಾಬರಿ ಬೀಳುತ್ತಾರೆ. ಮಗಳು ಒಲಿಂಪಿಯಾಡ್ ಗೆದ್ದಿಲ್ಲ, ಸಂಘಸಂಸ್ಥೆ ಕಟ್ಟಿಲ್ಲ, ಪಿಯಾನೋ ಬಾರಿಸುವುದಿಲ್ಲ. ಆಗ ಯಾರೋ ಸಲಹೆಗಾರರು ಬರುತ್ತಾರೆ. ಒಂದು ಟ್ರಸ್ಟ್ ನೋಂದಾಯಿಸೋಣ, ಮಗಳನ್ನೇ ಸಂಸ್ಥಾಪಕಿ ಮಾಡೋಣ, ನಾಲ್ಕು ಫೋಟೋ ತೆಗೆಸೋಣ ಅನ್ನುತ್ತಾರೆ. ಲಕ್ಷಗಟ್ಟಲೆ ಕೇಳುತ್ತಾರೆ. ದಯವಿಟ್ಟು ಕೊಡಬೇಡಿ. ಅರ್ಜಿ ಓದುವವರು ವರ್ಷಕ್ಕೆ ಸಾವಿರಾರು ಕಡತ ಓದಿ ಪಳಗಿದವರು. ಆರು ತಿಂಗಳ ಹಿಂದೆ ಹುಟ್ಟಿದ ಸಂಸ್ಥೆಯನ್ನು ಗುರುತಿಸುವುದು ಅವರಿಗೆ ಕಷ್ಟವಲ್ಲ.

ಆ ಪಟ್ಟಿಯಲ್ಲಿ ಮನೆಯ ಜವಾಬ್ದಾರಿ ಎಂಬ ವಿಭಾಗವೇ ಇದೆ. ಇದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಕೂತು ಉದ್ರಿ ಪುಸ್ತಕ ಬರೆಯುವ ಹುಡುಗ ಇದ್ದಾನಲ್ಲ, ಅವನು ಅದನ್ನು ಬರೆಯಬಹುದು. ಬರೆಯಬೇಕು. ವಾರಕ್ಕೆ ಎಷ್ಟು ಗಂಟೆ, ಎಷ್ಟು ಮನೆಗಳ ಲೆಕ್ಕ, ಬಾಕಿ ವಸೂಲಿಗೆ ಏನು ದಾರಿ ಹುಡುಕಿದ ಎಂದು ಹೇಳಿದರೆ ಅದು ನಿಜವಾದ ಕೆಲಸ. ತಮ್ಮನನ್ನು ನೋಡಿಕೊಂಡದ್ದು, ಅಜ್ಜಿಯ ಔಷಧಿ ಆಸ್ಪತ್ರೆ ಸಂಭಾಳಿಸಿದ್ದು, ಅಡಿಕೆ ಸುಲಿಯುವ ಕಾಲದಲ್ಲಿ ಆಳುಗಳ ಕೂಲಿ ಲೆಕ್ಕ ಇಟ್ಟದ್ದು ಎಲ್ಲವೂ ಸೇರುತ್ತದೆ. ನಮ್ಮ ಮಕ್ಕಳು ಇದನ್ನೆಲ್ಲ ನಾಚಿಕೆಯಿಂದ ಮುಚ್ಚಿಡುತ್ತಾರೆ.

ಸುಳ್ಳಿನ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿರಲಿ. 2019ರಲ್ಲಿ ಅಮೆರಿಕದ ಕೇಂದ್ರ ತನಿಖಾಧಿಕಾರಿಗಳು ಒಂದು ದೊಡ್ಡ ಜಾಲ ಬಯಲಿಗೆಳೆದರು. ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರ ಮಕ್ಕಳನ್ನು ಆಡದ ಆಟದ ಆಟಗಾರರೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಟ್ಟು ಸೀಟು ಕೊಡಿಸುತ್ತಿದ್ದ. ಮೊದಲ ಸುತ್ತಿನಲ್ಲೇ ಐವತ್ತು ಮಂದಿಯ ಮೇಲೆ ಆರೋಪ ದಾಖಲಾಯಿತು. ತಂದೆತಾಯಂದಿರೂ ಜೈಲಿಗೆ ಹೋದರು. 2023ರಲ್ಲಿ ಸಿಂಗರ್‌ಗೆ ಮೂರೂವರೆ ವರ್ಷ ಶಿಕ್ಷೆಯಾಯಿತು.

ಕಡತದ ಮಾತು ಮುಗಿಯಿತು. ಪತ್ರ ನಿಜವಾಗಿರಲಿ, ಪಟ್ಟಿ ನಿಜವಾಗಿರಲಿ. ಈಗ ಒಂದು ಸಣ್ಣ ಗಣಿತ. ಬಹಳ ಮನೆಗಳು ಎಡವುವುದು ಇಲ್ಲಿ.

ಒಂದೊಂದು ಕಾಲೇಜಿನಲ್ಲೂ ನೂರಕ್ಕೆ ಐದು ಸಾಧ್ಯತೆ. ಇಪ್ಪತ್ತಕ್ಕೆ ಅರ್ಜಿ ಹಾಕಿದರೆ ಐದು ಇಪ್ಪತ್ತಲೆ ನೂರು. ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ತಪ್ಪು. ಒಂದೊಂದು ಕಾಲೇಜಿನ ತೀರ್ಮಾನಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎಂದುಕೊಂಡರೂ ಉತ್ತರ ನೂರಕ್ಕೆ ಅರವತ್ತರ ಆಸುಪಾಸು ಬರುತ್ತದೆ. ನಿಜದಲ್ಲಿ ಸಂಬಂಧ ಇದೆ. ಎಲ್ಲ ಕಡೆಗೂ ಹೋಗುವುದು ಅದೇ ಅಂಕ, ಅದೇ ಪತ್ರ, ಅದೇ ಪಟ್ಟಿ. ಒಂದು ಕಡೆ ಸಪ್ಪೆ ಎನಿಸಿದ್ದು ಹತ್ತು ಕಡೆಯೂ ಸಪ್ಪೆ ಎನಿಸುತ್ತದೆ. ಆದ್ದರಿಂದ ನಿಜವಾದ ಸಾಧ್ಯತೆ ಅದಕ್ಕಿಂತಲೂ ಎಷ್ಟೋ ಕೆಳಗೆ. ಒಂದೊಂದು ಅರ್ಜಿಗೆ ಎಂಬತ್ತು ತೊಂಬತ್ತು ಡಾಲರ್, ಅಂದರೆ ಏಳೆಂಟು ಸಾವಿರ ರೂಪಾಯಿ ಶುಲ್ಕ. ಹಣವಿಲ್ಲದವರು ಮನವಿ ಮಾಡಿಕೊಂಡರೆ ಶುಲ್ಕ ಮನ್ನಾ ಮಾಡುವ ಕಾಲೇಜುಗಳೂ ಇವೆ, ಕೇಳಿ ನೋಡಿ.

ಹಣದ ಮಾತು ಬಂತು. ಸಾಧ್ಯತೆಯ ಲೆಕ್ಕದಲ್ಲಿ ಇದೂ ಸೇರಿದೆ. ಈ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಖರ್ಚು ಎಂಬತ್ತು ಸಾವಿರ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಲಕ್ಷದ ಆಸುಪಾಸು. ನಾಲ್ಕು ವರ್ಷಕ್ಕೆ ನೀವೇ ಗುಣಿಸಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮೌತ್ ಮುಂತಾದ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ವಿದೇಶಿ ಮಕ್ಕಳನ್ನೂ ಹಣ ನೋಡದೆ ಆರಿಸುತ್ತವೆ. ಆಯ್ಕೆಯಾದ ಮೇಲೆ ಮನೆಯ ಆದಾಯ ನೋಡಿ ಕೊರತೆ ತುಂಬಿಕೊಡುತ್ತವೆ. ಸಾಮಾನ್ಯ ಮನೆಯ ಮಗು ಅಲ್ಲಿ ಆಯ್ಕೆಯಾದರೆ ಬಹುಪಾಲು ಖರ್ಚಿಲ್ಲದೆ ಓದಬಹುದು. ಉಳಿದ ಹೆಚ್ಚಿನ ಕಡೆ, ನೆರವು ಬೇಕು ಎಂದು ಬರೆದ ವಿದೇಶಿ ವಿದ್ಯಾರ್ಥಿಯ ಸಾಧ್ಯತೆ ಅಷ್ಟರಿಂದಲೇ ಇಳಿಯುತ್ತದೆ. ಇದನ್ನು ಮೊದಲೇ ತಿಳಿಯದೆ ಏಪ್ರಿಲ್‌ನಲ್ಲಿ ಪ್ರವೇಶಪತ್ರ ಕೈಯಲ್ಲಿ ಹಿಡಿದು ಜಮೀನು ಮಾರುವ ಮಾತಾಡುವ ಮನೆಗಳಿವೆ. ಅದು ಆಗಬಾರದು.

ಇಷ್ಟೆಲ್ಲ ಕೇಳಿ ನಿಮಗೆ ನಿರಾಸೆಯಾಗಿರಬಹುದು. ಆದರೆ ನಾನು ಇದುವರೆಗೆ ಮಾತಾಡಿದ್ದು ಹತ್ತಿಪ್ಪತ್ತು ಸಂಸ್ಥೆಗಳ ಬಗ್ಗೆ. ಅಮೆರಿಕದಲ್ಲಿ ನಾಲ್ಕು ವರ್ಷದ ಕಾಲೇಜುಗಳು ಎರಡು ಸಾವಿರಕ್ಕೂ ಮೇಲಿವೆ. ಅವುಗಳಲ್ಲಿ ಹೆಚ್ಚಿನವು ಅರ್ಜಿ ಹಾಕಿದ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುತ್ತವೆ.

ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯ ಅಂಥದೊಂದು. ಅದು ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಎರಡು ಅರ್ಜಿಗೆ ಒಂದರಂತೆ ಸೀಟು ಸಿಗುತ್ತದೆ ಎನ್ನಬಹುದು. ಬೆಂಗಳೂರಿನ ಬಸವನಗುಡಿಯ ಶಾಲೆಯಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಮಾಡಿ, ಕಾಶಿಯಲ್ಲಿ ಎಂಎಸ್ಸಿ ಮುಗಿಸಿದ ಒಬ್ಬ ಯುವಕ ಅಲ್ಲಿಗೆ ಹೋದ. 1958ರಲ್ಲಿ ಡಾಕ್ಟರೇಟ್ ಪಡೆದ. ಮರುವರ್ಷ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ. 2014ರಲ್ಲಿ ಭಾರತರತ್ನ ಸ್ವೀಕರಿಸಿದ ಸಿ.ಎನ್.ಆರ್. ರಾವ್ ಅವರೇ ಆ ಯುವಕ. ನಮ್ಮ ಹೆಚ್ಚಿನ ಮಕ್ಕಳಿಗೆ ಇವತ್ತಿಗೂ ಸುಲಭವಾದ ದಾರಿ ಅದೇ. ಪದವಿ ಇಲ್ಲಿ, ಮುಂದಿನ ಓದು ಅಲ್ಲಿ. ಸಂಶೋಧನೆಗೆ ಹೋದರೆ ಬಹುಮಟ್ಟಿಗೆ ಅವರೇ ಸ್ಟೈಪೆಂಡ್ ಕೊಟ್ಟು ಓದಿಸುತ್ತಾರೆ.

ಅಮೆರಿಕದಲ್ಲೇ ನೆಲೆಸಿದ ಕನ್ನಡ ಮನೆಗಳಿಗೆ ಬೇರೆ ದಾರಿಗಳಿವೆ. ಟೆಕ್ಸಾಸ್‌ನಲ್ಲಿ ತಮ್ಮ ಶಾಲೆಯಲ್ಲಿ ಮೇಲಿನ ನೂರಕ್ಕೆ ಐದರೊಳಗೆ ಬಂದ ಮಗುವಿಗೆ ಆಸ್ಟಿನ್‌ನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಾನೂನುಪ್ರಕಾರ ಪ್ರವೇಶ ಖಾತ್ರಿ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಡಿಮೆ ಶುಲ್ಕದಲ್ಲಿ ಓದಿ, ನಿಗದಿತ ದರ್ಜೆ ಪಡೆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಸೀಟಿನ ಭರವಸೆ ಕೊಡುತ್ತವೆ. ಕನ್ನಡ ಕೂಟದ ಸಂಜೆಗಳಲ್ಲಿ ಈ ದಾರಿಯನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಬೇಕು.

ಹೆಸರಾಂತ ಕಾಲೇಜಿಗೆ ಹೋಗದಿದ್ದರೆ ಬಾಳು ಕೆಟ್ಟಿತೇ ಎಂಬ ಪ್ರಶ್ನೆಗೂ ಅಧ್ಯಯನಗಳಿವೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದನ್ನು ಪ್ರಕಟಿಸಿದರು. ಒಂದೇ ತರದ ಯೋಗ್ಯತೆ ಇದ್ದು, ಒಂದೇ ತರದ ಕಾಲೇಜುಗಳಿಗೆ ಅರ್ಜಿ ಹಾಕಿದವರನ್ನು ಹೋಲಿಸಿದರು. ಹೆಸರಾಂತ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದಿನ ಸಂಪಾದನೆಯಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಹೆಸರಾಂತ ಕಾಲೇಜಿನಿಂದ ನಿಜವಾದ ಲಾಭ ಆಗಿತ್ತು. ಚೆಟ್ಟಿ ಅವರ ಅಧ್ಯಯನ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಸರಾಸರಿ ಸಂಬಳ ಹೆಚ್ಚೇನೂ ಬದಲಾಗದಿದ್ದರೂ, ದೇಶದ ತೀರ ಮೇಲಿನ ಹುದ್ದೆಗಳಿಗೆ ಏರುವವರಲ್ಲಿ ಆ ಕಾಲೇಜಿನವರು ಹೆಚ್ಚು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮಗುವಿಗೆ ಬೇಕಾದದ್ದು ಒಳ್ಳೆಯ ಓದು, ಒಳ್ಳೆಯ ಕೆಲಸ ಎಂದಾದರೆ ಆ ಎರಡು ಸಾವಿರ ಕಾಲೇಜುಗಳಲ್ಲಿ ಹಲವು ಕಡೆ ಅದು ಸಿಗುತ್ತದೆ.

ಹಾಗಾದರೆ ಮೊದಲ ಪ್ರಶ್ನೆಗೆ ನನ್ನ ಉತ್ತರ ಏನು? ನಮ್ಮ ಮಗುವಿಗೆ ಚಾನ್ಸ್ ಎಷ್ಟು? ಆ ಹತ್ತಿಪ್ಪತ್ತು ಸಂಸ್ಥೆಗಳ ಮಟ್ಟಿಗೆ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳಿ ಶುಲ್ಕ ಕೇಳುವವರಿಗೂ ಗೊತ್ತಿಲ್ಲ. ಉಳಿದ ಕಡೆ ಸಾಕಷ್ಟು ಚೆನ್ನಾಗಿಯೇ ಅಂದಾಜು ಮಾಡಬಹುದು.

ತಂದೆತಾಯಿಗಳೇ, ನಿಮ್ಮಲ್ಲಿ ನನ್ನ ವಿನಂತಿ ಇದು. ಬಹುತೇಕ ಅರ್ಜಿಗಳ ಕೊನೆಯ ದಿನ ಜನವರಿ ಒಂದರ ಆಸುಪಾಸು. ದಸರಾ ರಜೆಯಲ್ಲಿ ಒಂದು ದಿನ ಮಗುವಿನ ಜೊತೆ ಕೂರಿ. ಮೊದಲು ವರ್ಷಕ್ಕೆ ಎಷ್ಟು ಹಣ ಹೊಂದಿಸಲಾದೀತು ಎಂದು ಮಗುವಿನ ಎದುರಲ್ಲೇ ಬರೆಯಿರಿ, ಮುಚ್ಚಿಡಬೇಡಿ. ಆಮೇಲೆ ಆ ಹಣದೊಳಗೆ ಆಗುವ, ಅರ್ಧಕ್ಕಿಂತ ಹೆಚ್ಚು ಅರ್ಜಿದಾರರನ್ನು ಸೇರಿಸಿಕೊಳ್ಳುವ, ಮಗುವಿಗೆ ಮನಸ್ಸಿರುವ ಎರಡು ಕಾಲೇಜುಗಳನ್ನು ಹುಡುಕಿ. ಅದರಲ್ಲಿ ಒಂದು ಕರ್ನಾಟಕದ್ದೇ ಆಗಿರಲಿ. ಆ ಎರಡು ಹೆಸರು ಪಟ್ಟಿಗೆ ಬಂದ ಮೇಲೆ ಹಾರ್ವರ್ಡ್ ಹೆಸರನ್ನು ಧಾರಾಳವಾಗಿ ಬರೆಯಿರಿ.